ಕಲ್ಲಿಗೊಂದು ಪಾವು ಗೋಧಿ

ಮನುಷ್ಯ ತನ್ನ ಮೊಣಕೈಯ ಹಿಂಭಾಗವನ್ನು ತಾನೇ ಸರಿಯಾಗಿ ನೋಡಿಕೊಳ್ಳಲಾರ. ಅನುಮಾನವಿದ್ದರೆ ಓದುವುದನ್ನು ನಿಲ್ಲಿಸಿ ಈಗಲೇ ಪ್ರಯತ್ನಿಸಿ. ಕೈ ಮಡಚಿದರೆ ಅದು ಆ ಕಡೆಗೆ ಜಾರುತ್ತದೆ, ಚಾಚಿದರೆ ಚರ್ಮದ ಮಡಿಕೆಯೊಳಗೆ ಅಡಗುತ್ತದೆ, ಹಟ ಹಿಡಿದು ಕತ್ತು ತಿರುಗಿಸಿದರೆ ಕತ್ತು ಉಳುಕುತ್ತದೆ. ಐವತ್ತೆರಡು ವರ್ಷ ನನ್ನ ಜೊತೆಗೇ ಓಡಾಡಿದ ಈ ಎರಡು ಗಂಟುಗಳ ಮೇಲೆ ಏನೇನು ನಡೆದಿದೆ ಅನ್ನುವುದನ್ನೆಲ್ಲ ನಾನು ಬೇರೆಯವರ ಬಾಯಿಂದ ಕೇಳಿಯೇ ತಿಳಿದವನು. ಮೊದಲು ಅಮ್ಮ ಹೇಳುತ್ತಿದ್ದಳು, ಆಮೇಲೆ ಅಕ್ಕ, ಈಗ ಹೆಂಡತಿ.

ಆ ದಿನವೂ ಹೆಂಡತಿಯೇ ಹೇಳಿದ್ದು. ಹೊಸೂರಿನ ನಮ್ಮ ಮನೆ, ಬೆಳಿಗ್ಗೆ ಏಳೂವರೆ. ಫ್ಯಾಕ್ಟರಿ ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ನಾನು ಓಟ್ಸ್ ಗಂಜಿಯ ಬಟ್ಟಲಿನ ಮುಂದೆ ಬನಿಯನ್ನಿನಲ್ಲಿ ಕೂತಿದ್ದೆ. ಕಾಫಿ ಇಡಲು ಬಂದ ಮಂಜುಳ ಲೋಟವನ್ನು ಕೈಯಲ್ಲೇ ಹಿಡಿದು ನಿಂತಳು.

"ರೀ, ಕೈ ಎತ್ರಿ ಒಂದ್ಸಲ."

ಎತ್ತಿದೆ.

"ಮತ್ತೆ ಬಂದ್ಬುಟ್ಟೈತಲ್ರೀ."

ಏನು ಬಂದಿದೆ ಎಂದು ನಾನು ಕೇಳಲಿಲ್ಲ. ಚಮಚ ಬಟ್ಟಲಿಗೆ ಬಿದ್ದು ಟಣ್ ಎಂದಿತು. ಇಲ್ಲ, ಎಂದಿರಲಾರದು, ಗಂಜಿ ಗಟ್ಟಿಯಾಗಿತ್ತು, ಅದರೊಳಗೆ ಬಿದ್ದ ಚಮಚ ಸದ್ದು ಮಾಡುವುದಿಲ್ಲ. ಆದರೂ ನನ್ನ ನೆನಪಿನಲ್ಲಿ ಆ ಟಣ್ ಇದೆ. ನನ್ನ ನೆನಪುಗಳನ್ನು ನೀವು ಎಷ್ಟರ ಮಟ್ಟಿಗೆ ನಂಬಬಹುದು ಅನ್ನುವುದಕ್ಕೆ ಇದೊಂದು ಅಳತೆ. ಮುಂದೆ ಬೇಕಾಗುತ್ತದೆ, ಇಟ್ಟುಕೊಂಡಿರಿ.

ಬಂದದ್ದು ಗುಳ್ಳೆಗಳು. ರಾಗಿಕಾಳಿನ ಗಾತ್ರದವು, ನೀರು ತುಂಬಿಕೊಂಡವು, ಗುಂಪು ಕಟ್ಟಿಕೊಂಡು ಬರುವಂಥವು. ಒಂದು ಮೊಣಕೈಗೆ ಬಂದರೆ ಇನ್ನೊಂದಕ್ಕೂ ಬರುತ್ತವೆ, ಎರಡು ಕಡೆಯ ಬೀಗರಿಗೂ ಸಮನಾಗಿ ಬಡಿಸಿದ ಹಾಗೆ. ಆಮೇಲೆ ಮೊಣಕಾಲು. ಆಮೇಲೆ ಕೂರುವ ಜಾಗ. ತುರಿಕೆಯ ವಿಚಾರ ಬರೆಯುವುದಿಲ್ಲ. ಬರೆದರೆ ಓದುವ ನೀವೂ ಕೆರೆದುಕೊಳ್ಳುತ್ತೀರಿ. ವರ್ಷಗಟ್ಟಲೆ ಇದಕ್ಕೆ ಎಲ್ಲರೂ ಒಂದೊಂದು ಕಾರಣ ಹೇಳಿದ್ದರು. ಫ್ಯಾಕ್ಟರಿಯ ಎಣ್ಣೆ ಎಂದರು. ಮೈ ಉಷ್ಣ ಎಂದರು. ಕಜ್ಜಿಯ ಮುಲಾಮನ್ನು ಮನೆಮಂದಿಯೆಲ್ಲ ಕತ್ತಿನಿಂದ ಕಾಲಿನವರೆಗೆ ಬಳಿದುಕೊಂಡು ಒಂದು ಭಾನುವಾರವಿಡೀ ಬೊಂಬೆಗಳ ಹಾಗೆ ಕೂತದ್ದೂ ಆಯಿತು.

ಕೊನೆಗೆ ಒಬ್ಬ ಚರ್ಮದ ಡಾಕ್ಟರಮ್ಮ ಸಿಕ್ಕರು. ಧರ್ಮಪುರಿ ಕಡೆಯವರು, ತಮಿಳಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುವವರು. ಗುಳ್ಳೆಯ ಪಕ್ಕದಿಂದ ಚರ್ಮದ ಚೂರೊಂದನ್ನು ತೆಗೆದು ಪರೀಕ್ಷೆಗೆ ಕಳಿಸಿ, ಹತ್ತು ದಿನ ಬಿಟ್ಟು ಕರೆದು, ಇದು ಚರ್ಮದ ರೋಗವೇ ಅಲ್ಲ ಎಂದರು.

"ಹೊಟ್ಟೇದು ಸಾರ್. ಸೀಲಿಯಾಕ್ ಅಂತಾರೆ. ನಿಮ್ಮ ಹೊಟ್ಟೆ ಗೋಧಿ ಒಳಗಿರೋ ಗ್ಲುಟನ್‌ನ ಶತ್ರು ಅಂದ್ಕೊಂಡಿದೆ. ಜಗಳ ಶುರುವಾಗೋದು ಅಲ್ಲಿ, ಪೆಟ್ಟು ಬೀಳೋದು ಮೊಣಕೈ ಮೇಲೆ."

ಮೊಣಕೈ ಮೇಲಿನ ಜಗಳಕ್ಕೂ ಒಂದು ಹೆಸರಿತ್ತು, ಡರ್ಮಟೈಟಿಸ್ ಹರ್ಪೆಟಿಫಾರ್ಮಿಸ್. ಫ್ಯಾಕ್ಟರಿ ಗೇಟಿನಲ್ಲಿ ರಜೆ ಚೀಟಿಯ ಮೇಲೆ ಅಷ್ಟು ಉದ್ದ ಬರೆಯಲು ಜಾಗವಿರಲಿಲ್ಲವಾದ್ದರಿಂದ "ಗುಳ್ಳೆ" ಎಂದು ಬರೆದೆ.

"ಗೋದುಮೈ ತೊಡವೇ ಕೂಡಾದು," ಎಂದರು ಡಾಕ್ಟರಮ್ಮ. ಗೋಧಿಯನ್ನು ಮುಟ್ಟಲೇಬಾರದು. ಮೈದಾ, ರವೆ, ಬಾರ್ಲಿ, ಯಾವುದೂ.

ನನಗೆ ನಗು ಬಂತು. "ಮೇಡಂ, ನಾನು ಬೇರಿಕೆಯವನು. ಹುಟ್ಟಿದಾಗಿನಿಂದ ರಾಗಿ ತಿಂದು ಬೆಳೆದ ಮೈ ಇದು. ಗೋಧಿ ನಮಗೆ ಜ್ವರ ಬಂದಾಗ, ಬೀಗರು ಬಂದಾಗ, ಅಷ್ಟೆ."

"ಹಾಗಾದ್ರೆ ಬಿಡೋದು ಸುಲಭ," ಎಂದರು ಅವರು. ಅವರು ನಗಲಿಲ್ಲ.

ಆಮೇಲಿನದು ಒಂದಾದ ಮೇಲೊಂದು ಆಘಾತ. ಜೂಜುವಾಡಿಯಲ್ಲಿ ಬಸ್ಸಿಳಿದರೆ ಎದುರಿಗೇ ಪರೋಟದ ಅಂಗಡಿ. ಅಲ್ಲಿ ಗಾಳಿಯೇ ಮೈದಾ. ಅದು ಕಣ್ಣಿಗೆ ಕಾಣುವ ಶತ್ರು, ಸರಿ. ಕಾಣದವು ಎಷ್ಟು! ಕ್ಯಾಂಟೀನಿನ ಸಾಂಬಾರು ಗಟ್ಟಿಯಾಗಲು ಒಂದು ಹಿಡಿ ಮೈದಾ. ಮೂರು ವರ್ಷ ಆರೋಗ್ಯಕ್ಕೆಂದು ನಾನು ಕುಡಿದ ಸತ್ತುಮಾವು ಎಂಬ ಹುರಿದ ಕಾಳುಗಳ ಹಿಟ್ಟಿನ ಗಂಜಿಯಲ್ಲಿ ಗೋಧಿ. ಕೊನೆಗೆ ಇಂಗು! ಇಂಗಿನ ಡಬ್ಬಿಯ ತಳದ ಸಣ್ಣ ಅಕ್ಷರವನ್ನು ಮಂಜುಳ ಭೂತಗನ್ನಡಿ ಹಿಡಿದು ಓದಿದಳು: ಗೋಧಿ ಹಿಟ್ಟು. ನಾವಿಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆವು. ಇಪ್ಪತ್ತೈದು ವರ್ಷದ ಸಂಸಾರದ ಪ್ರತಿಯೊಂದು ಒಗ್ಗರಣೆಯನ್ನೂ ಮನಸ್ಸಿನಲ್ಲಿ ಹಿಂದಕ್ಕೆ ಓಡಿಸಿಕೊಂಡು ನೋಡುವುದು ಹೇಗಿರುತ್ತದೆ ಗೊತ್ತೆ?

ಮಾತ್ರೆಯದು ಇನ್ನೊಂದು ಕಥೆ. ಮೆಡಿಕಲ್ ಶಾಪಿನವನು ಚೀಟಿ ನೋಡಿ, ನನ್ನನ್ನು ನೋಡಿ, "ಅಣ್ಣಾ, ಇದು ಯಾರಿಗೆ?" ಎಂದ. ನನಗೇ ಎಂದೆ. ಅವನು ಮಾತ್ರೆಯ ಹಾಳೆಯನ್ನು ಕೈಗೆ ಕೊಡಲಿಲ್ಲ. ಕೌಂಟರಿನ ಮೇಲಿಟ್ಟು ಸ್ಕೇಲಿನ ತುದಿಯಿಂದ ನನ್ನ ಕಡೆಗೆ ತಳ್ಳಿದ. ಅದು ಕುಷ್ಠಕ್ಕೆ ಕೊಡುವ ಮಾತ್ರೆಯೂ ಹೌದಂತೆ. ನನಗೆ ಸಿಟ್ಟು ಬಂತು. ಮನೆಗೆ ಬಂದ ಮೇಲೆ ನಾನೂ ಆ ಹಾಳೆಯನ್ನು ಎರಡು ಬೆರಳಿನ ತುದಿಯಲ್ಲೇ ಹಿಡಿದಿದ್ದೆ. ಮಂಜುಳ ನೋಡಿದಳು.

ಮಾತ್ರೆ ಮಾತ್ರ ಪವಾಡ ಮಾಡಿತು. ವಾರದೊಳಗೆ ತುರಿಕೆ ಇಲ್ಲ, ತಿಂಗಳೊಳಗೆ ಗುಳ್ಳೆ ಇಲ್ಲ. ಒಂದು ವರ್ಷ ಮೊಣಕೈ ಮಗುವಿನ ಕೆನ್ನೆಯ ಹಾಗಿತ್ತಂತೆ. ನಾನು ನೋಡಿಲ್ಲ, ಹೇಳಿದ್ದು ಕೇಳಿದ್ದೇನೆ. ಡಾಕ್ಟರಮ್ಮ ಎಚ್ಚರಿಸಿದ್ದರು: ಮಾತ್ರೆ ಗುಳ್ಳೆಯನ್ನು ಮುಚ್ಚುತ್ತದೆ ಅಷ್ಟೆ, ವಾಸಿ ಮಾಡುವುದು ಪಥ್ಯ. ಪಥ್ಯ ನಿಜವಾಗಿ ಹಿಡಿದಿದೆಯೋ ಇಲ್ಲವೋ ಎಂದು ಮಾತ್ರೆಯನ್ನು ಇಳಿಸಿದಾಗ ಗೊತ್ತಾಗುತ್ತದೆ. ವರ್ಷ ಕಳೆದು ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರು.

ಅದೇ ವಾರ ನಾನು ಓಟ್ಸ್ ಶುರುಮಾಡಿದೆ.

ಇಲ್ಲಿ ನಾನು ತಲೆ ತಗ್ಗಿಸಬೇಕು. ಫ್ಯಾಕ್ಟರಿಯಲ್ಲಿ ನನ್ನ ಕೆಲಸ ಅಳೆಯುವುದು. ಶಾಫ್ಟುಗಳ ದಪ್ಪವನ್ನು ಕೂದಲೆಳೆಗಿಂತ ಸಣ್ಣ ಲೆಕ್ಕದಲ್ಲಿ ಅಳೆದು ಪಾಸು, ಫೇಲು ಹೇಳುವವನು ನಾನು. ಹೊಸದಾಗಿ ಸೇರಿದವರಿಗೆ ಮೊದಲ ದಿನ ಎರಡು ಮಾತು ಹೇಳಿಕೊಡುತ್ತೇನೆ. ಒಂದು, ಮಿಷನ್ ಕೆಟ್ಟಾಗ ಎರಡು ಸ್ಕ್ರೂಗಳನ್ನು ಒಟ್ಟಿಗೆ ತಿರುಗಿಸಬೇಡಿ. ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಎರಡು, ಅಳೆಯುವ ಮುಂಚೆ ಗೇಜನ್ನು ಒರೆಸಿ, ಆದರೆ ಒರೆಸುವ ಬಟ್ಟೆಯಲ್ಲಿ ಏನಿದೆ ಎಂದು ಮೊದಲು ನೋಡಿ. ಈ ಎರಡೂ ಮಾತನ್ನು ಮರೆತ ಒಬ್ಬನೇ ಮನುಷ್ಯ ನಾನೇ ಇರಬೇಕು. ಡಾಕ್ಟರಮ್ಮ ಓಟ್ಸ್ ಬಗ್ಗೆ ಹೇಳಿದ್ದು "ಮುಂದೆ ನೋಡೋಣ, ಚರ್ಮ ಗಟ್ಟಿಯಾಗಲಿ" ಎಂದು. ನಾನು ಕೇಳಿಸಿಕೊಂಡದ್ದು ಮೊದಲ ಅರ್ಧ.

ಓಟ್ಸ್ ಯಾಕೆ ಎನ್ನುತ್ತೀರಿ? ನಾಲಿಗೆಗಲ್ಲ. ಅದಕ್ಕೆ ರುಚಿಯೆಂಬುದೇ ಇಲ್ಲ. ಗೋಡೆಗೆ ಪೋಸ್ಟರ್ ಅಂಟಿಸುವಾಗ ಬೆರಳು ನೆಕ್ಕಿದಂತಿರುತ್ತದೆ. ಆದರೆ ವರ್ಷವಿಡೀ "ಬೇಡ, ಬೇಡ" ಎಂದು ಕೇಳಿದ ಕಿವಿಗೆ, "ಇದನ್ನು ಒಂದು ದಿನ ತಿನ್ನಬಹುದು" ಎಂಬ ಮಾತೇ ಹೋಳಿಗೆ. ಮಾಮೂಲಿ ಓಟ್ಸ್ ಆಗುವುದಿಲ್ಲ, ಹೊಲದಲ್ಲಿ, ಗೋದಾಮಿನಲ್ಲಿ ಗೋಧಿಯ ಜೊತೆ ಬೆರೆತಿರುತ್ತದೆ. ಬೆರೆಯದೇ ಬೇರೆ ಇಟ್ಟದ್ದು, ಹಾಗೆಂದು ಮೇಲೆ ಅಚ್ಚು ಹಾಕಿದ್ದು ಬೇಕು. ಅದನ್ನೇ ತರಿಸಿದೆ. ಅಷ್ಟರ ಮಟ್ಟಿಗೆ ನಾನು ಜಾಣ.

ಆ ಡಬ್ಬಿಯನ್ನು ಬೇರಿಕೆಗೆ ಒಯ್ದು ಅಕ್ಕನಿಗೆ ತೋರಿಸಿದ್ದೆ. ಅಂಗೈಯಲ್ಲಿ ಹಾಕಿಕೊಂಡು, ಮೂಸಿ, ಹಲ್ಲಲ್ಲಿ ಕಡಿದು ನೋಡಿದಳು. "ಥೂ, ಮತ್ತಿಗಿರಿ ಕಡೆ ಕುದ್ರೆಗೆ ಹಾಕ್ತಿದ್ರಂತಲ್ಲ, ಅದೇ ಅಲ್ವೇನ್ಲಾ ಇದು? ತಾತ ಹೇಳ್ತಿದ್ದ. ನಿಂಗೆ ಯಾರ್ಲಾ ಹೇಳಿದ್ದು ಕುದ್ರೆ ಅಂತ?"

"ಡಾಕ್ಟರು."

"ಕುದ್ರೆ ಡಾಕ್ಟ್ರಾ?"

ಅಕ್ಕ ನನಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು. ಬೇರಿಕೆಯ ಸಂತೆ ಬೀದಿಯಲ್ಲಿ ಅಪ್ಪ ಇಟ್ಟಿದ್ದ ಹಿಟ್ಟಿನ ಮಿಷನ್ನನ್ನು ಈಗ ನಡೆಸುವವಳು ಅವಳೇ. ಅಪ್ಪ ಮಿಷನ್ನನ್ನು ಅವಳಿಗೆ ಕೊಟ್ಟ, ನನ್ನನ್ನು ಡಿಪ್ಲೊಮಾಕ್ಕೆ ಕಳಿಸಿದ. ಭಾವ ಗುಲಾಬಿ ತೋಟ ನೋಡಿಕೊಳ್ಳುತ್ತಾರೆ, ಮಿಷನ್ ಕಡೆ ತಲೆ ಹಾಕುವುದಿಲ್ಲ. ಭಾನುವಾರದ ಮಧ್ಯಾಹ್ನ ಅಕ್ಕನ ಮನೆಯಲ್ಲಿ ಮುದ್ದೆ, ಸೊಪ್ಪಿನ ಸಾರು, ಬರುವಾಗ ಚೀಲದಲ್ಲಿ ವಾರಕ್ಕಾಗುವಷ್ಟು ರಾಗಿ ಹಿಟ್ಟು. ನನ್ನ ಮದುವೆಯಾದಾಗಿನಿಂದ ಇದು ತಪ್ಪಿಲ್ಲ. ತಪ್ಪಿದೆಯೇನೋ. ತಪ್ಪಿಲ್ಲ ಅನ್ನುವುದು ನಮ್ಮ ಮನೆಯವರು ಒಪ್ಪಿಕೊಂಡಿರುವ ನೆನಪು.

ಚಿಕ್ಕವನಿದ್ದಾಗ ನನಗೆ ಅಕ್ಕನೆಂದರೆ ಒಂದು ಜಾದೂ. ಮಿಷನ್ನಿನ ಒಳಗಿಂದ ಸಂಜೆ ಅವಳು ಹೊರಗೆ ಬರುವಾಗ ಪೂರ್ತಿ ಬೆಳ್ಳಗೆ. ಹುಬ್ಬು, ರೆಪ್ಪೆ, ಕಿವಿಯ ಓಲೆ, ಜಡೆ, ಎಲ್ಲ ಹಿಟ್ಟು. ಅಂಗಳದಲ್ಲಿ ನಿಂತು ಟವಲ್ಲಿನಿಂದ ತಲೆಗೆ ಪಟಪಟ ಬಡಿದುಕೊಳ್ಳುತ್ತಿದ್ದಳು. ಒಂದು ಮೋಡ ಏಳುತ್ತಿತ್ತು. ಮೋಡ ಇಳಿದಾಗ ಅದರೊಳಗಿಂದ ಕಪ್ಪು ಜಡೆಯ ಹುಡುಗಿಯೊಬ್ಬಳು ಬರುತ್ತಿದ್ದಳು. ನಾನು ಚಪ್ಪಾಳೆ ತಟ್ಟುತ್ತಿದ್ದೆ. ಈಗಲೂ ಭಾನುವಾರ ಹೋದರೆ ಅವಳು ಹಿಟ್ಟಿನಲ್ಲೇ ಇರುತ್ತಾಳೆ, ಕೈ ಮಾತ್ರ ತೊಳೆದು ಮುದ್ದೆ ಕಟ್ಟಿ ಇಕ್ಕುತ್ತಾಳೆ, ನಾನು ತಿಂದೇಳುವ ಮುಂಚೆಯೇ ಮತ್ತೆ ಬೆಲ್ಟಿನ ಸದ್ದು.

ಆ ಬೆಳಿಗ್ಗೆ ಗುಳ್ಳೆ ಕಂಡ ಮೇಲೆ ನಾನು ಮಾಡಿದ ಮೊದಲ ಕೆಲಸ ಓಟ್ಸ್ ಡಬ್ಬಿಯನ್ನು ಅಟ್ಟಕ್ಕೆ ಎಸೆದದ್ದು. ಅಪರಾಧಿ ಸಿಕ್ಕಿದ್ದ. ಮನೆಗೆ ಹೊಸದಾಗಿ ಬಂದವನು ಅವನೊಬ್ಬನೇ, ಪರದೇಶದವನು, ರುಚಿಯಿಲ್ಲದವನು. ಹದಿನೈದು ದಿನ ಕಾದೆ. ಗುಳ್ಳೆ ಮೊಣಕಾಲಿಗೆ ಇಳಿಯಿತು.

ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡರು. ಓಟ್ಸ್ ಡಬ್ಬಿಯ ಫೋಟೋ ನೋಡಿದರು. "ಶುದ್ಧ ಓಟ್ಸೂ ಕೆಲವರಿಗೆ ಆಗಲ್ಲ. ನೀವು ಆ ಕೆಲವರೋ ಅಲ್ವೋ, ಈಗ ಹೇಳಕ್ಕಾಗಲ್ಲ ಸಾರ್. ನೀವು ಎರಡನ್ನೂ ಒಟ್ಟಿಗೆ ಮಾಡಿದ್ದೀರಿ. ಮಾತ್ರೆ ಇಳಿಸಿದ್ದಕ್ಕೆ ಹಳೇದೇನೋ ಹೊರಗೆ ಬಂದಿರಬಹುದು. ಮನೇಲಿ ಇನ್ಯಾವ ಹಿಟ್ಟು ತಿಂತೀರಿ?"

"ರಾಗಿ. ಅಷ್ಟೇ."

"ಎಲ್ಲಿ ಬೀಸಿದ್ದು?"

"ನಮ್ಮದೇ ಮಿಷನ್ ಮೇಡಂ. ಅಕ್ಕಂದು. ಗೋಧಿ ಮಿಷನ್ ಬೇರೆ, ರಾಗಿ ಮಿಷನ್ ಬೇರೆ. ನಡುವೆ ಗೋಡೇನೇ ಇದೆ."

"ನೋಡಿದ್ದೀರಾ?"

"ಅಲ್ಲೇ ಬೆಳೆದವನು ನಾನು!"

"ಬೆಳೆದಿದ್ದು ಬೇಡ ಸಾರ್. ಈಗ ಹೋಗಿ ನಿಂತು ನೋಡಿ. ಅಲ್ಲಿ ಗೋಧಿ ಬೆರೀತಿದ್ರೆ ಆ ಮನೇಲಿ ಊಟ ಬಿಡಬೇಕಾಗುತ್ತೆ."

ಅವಮಾನವಾಯಿತು. ನನ್ನ ಅವಮಾನಕ್ಕೆ ಅಕ್ಕನ ಅವಮಾನವೆಂದು ಹೆಸರಿಟ್ಟುಕೊಂಡು ಬಾಗಲೂರಿನ ಮೇಲೆ ಹೋಗುವ ಬಸ್ಸು ಹತ್ತಿದೆ. ಭಾನುವಾರದ ಊಟ ಬಿಡುವುದೆಂದರೆ ಏನೆಂದು ಡಾಕ್ಟರಮ್ಮನಿಗೆ ಹೇಗೆ ಗೊತ್ತಾಗಬೇಕು? ಅಮ್ಮ ಹೋದ ಮೇಲೆ ನನಗೆ ತುತ್ತು ಇಕ್ಕಿದ ಕೈ ಅದೊಂದೇ. ಸಾಕ್ಷಿ ತಂದು ಡಾಕ್ಟರಮ್ಮನ ಮೇಜಿನ ಮೇಲಿಡುತ್ತೇನೆ ಎಂದುಕೊಂಡಿದ್ದೆ.

ಅಂದು ಮಿಷನ್ ಮುಂದೆ ನಾಲ್ಕೈದು ಚೀಲಗಳ ಸಾಲು. ಅಕ್ಕ ರಾಗಿ ಮಿಷನ್ನಿನ ಹತ್ತಿರ ನಿಂತಿದ್ದಳು. ನಾನು ಬಾಗಿಲಲ್ಲೇ ಕಂಬಕ್ಕೆ ಒರಗಿ ನಿಂತೆ. ಒಬ್ಬಾಕೆಯ ರಾಗಿ ಬಿತ್ತು, ಮಿಷನ್ನಿನ ಕೆಳಗೆ ಕಟ್ಟಿದ ಬಟ್ಟೆಯ ತೋಳಿನಿಂದ ಹಿಟ್ಟು ಇಳಿಯಿತು, ಅಕ್ಕ ತೋಳನ್ನು ಕೋಲಿನಿಂದ ತಟ್ಟಿ ಚೀಲ ಕಟ್ಟಿ ಕೊಟ್ಟಳು. ಅದರ ಹಿಂದೆಯೇ ಇನ್ನೊಬ್ಬರ ರಾಗಿ. ರಾಗಿಯಾದ ಮೇಲೆ ರಾಗಿ. ಒಂದು ಕಾಳು ಗೋಧಿ ಇಲ್ಲ. ನನ್ನ ಎದೆ ಉಬ್ಬಿತು. ಫೋನಿನಲ್ಲಿ ಒಂದು ಫೋಟೋ ಕೂಡ ತೆಗೆದುಕೊಂಡೆ.

"ಏನ್ಲಾ, ಪೋಟ ತೆಗೀತಿದ್ದೀಯ? ಪೇಪರ್‌ಗೆ ಹಾಕ್ತೀಯಾ?" ಅಕ್ಕ ಸದ್ದಿನ ಮೇಲೆ ಕೂಗಿದಳು. "ಇರು, ನಿನ್ ರಾಗಿ ಬೀಸಿಕೊಡ್ತೀನಿ, ಬಿಸೀದೇ ತಕ್ಕೊಂಡ್ಹೋಗು."

ಸಾಲಿನಲ್ಲಿದ್ದವರಿಗೆ "ತಡೀರಿ, ನಮ್ಮನೇದು ಐತೆ" ಎಂದಳು. ಮೂಲೆಯ ಗೂಡಿನಿಂದ ಒಂದು ಪಾವನ್ನು ತೆಗೆದಳು. ಪಕ್ಕದ ಡಬ್ಬಿಗೆ ಅದನ್ನು ಅದ್ದಿ, ತಲೆ ಸವರಿ, ರಾಗಿ ಮಿಷನ್ನಿನ ತಗಡಿನ ಬಾಯಿಗೆ ಸುರಿದಳು.

ಕಾಳು ಬಿದ್ದ ಸದ್ದು ಬೇರೆಯಾಗಿತ್ತು. ರಾಗಿ ಸುರಿದರೆ ಉಸಿರುಬಿಟ್ಟ ಹಾಗೆ. ಇದು ಕಟಕಟ ಎಂದಿತು.

ಗೋಧಿ.

ನಾನು ಕೂಗಿದೆನೋ ಏನೋ. ಸಾಲಿನಲ್ಲಿದ್ದ ಹೆಂಗಸರು ನನ್ನ ಕಡೆ ತಿರುಗಿದ್ದು ನೆನಪಿದೆ. ತೋಳಿನಿಂದ ಕೆಂಪಗಿನ ಹಿಟ್ಟು ಇಳಿಯಿತು. ಅಕ್ಕ ಅದನ್ನು ಹಸುವಿನ ಬಕೆಟ್ಟಿಗೆ ಹಿಡಿದಳು. ಆಮೇಲೆ ಅದರ ಬೆನ್ನಿಗೇ ನನ್ನ ರಾಗಿ ಸುರಿಯಲು ಮೊರ ಎತ್ತಿದಳು.

"ಅಕ್ಕಾ! ಏನ್ ಮಾಡ್ತಿದ್ದೀಯ?"

"ಕಲ್ಲಿಗೆ ಕೊಟ್ಟೆ ಕಣ್ಲಾ." ನಾನು ಪೆದ್ದನಾಗಿಬಿಟ್ಟೆನೇನೋ ಎಂಬಂತೆ ನೋಡಿದಳು. "ಊರ ರಾಗೀಲಿ ಹುಳ ಐತೋ, ಕಲ್ಲೈತೋ, ಯಾವನಿಗೆ ಗೊತ್ತು? ಅದರ ಹಿಂದ್ಗುಟ್ಟೆ ನಮ್ಮನೇದು ಬೀಸಾಕಾಯ್ತದಾ? ಒಂದ್ ಪಾವು ಗೋಧಿ ಕೊಟ್ರೆ ಕಲ್ಲು ಒರಸ್ದಂಗಾಯ್ತದೆ. ಅಕ್ಕಿ ಕೊಟ್ರೆ ಗೀರ್ತದೆ. ಅಪ್ಪ ಮಾಡ್ತಿರ್ಲಿಲ್ವಾ? ನಿನ್ ಹಿಟ್ಟು ನಾನ್ ಯಾವತ್ತೂ ಹಂಗೇ ಬೀಸಿಲ್ಲಪ್ಪ."

ಯಾವತ್ತೂ.

ಮಿಷನ್ ಓಡುತ್ತಲೇ ಇತ್ತು. ನನ್ನ ತಲೆಯಲ್ಲಿ ಲೆಕ್ಕ ತಾನಾಗಿ ನಡೆಯುತ್ತಿತ್ತು. ಸಾಲಿನಲ್ಲಿ ನಿಂತಿದ್ದ, ನನಗೆ ಏನೂ ಆಗಬೇಕಿಲ್ಲದ ಆ ಹೆಂಗಸಿನ ಚೀಲ ನನಗೆ ಸುರಕ್ಷಿತ. ಊರಿನವರೆಲ್ಲರ ಹಿಟ್ಟು ಸುರಕ್ಷಿತ. ಬೇರಿಕೆಯ ಸಂತೆ ಬೀದಿಯಲ್ಲಿ ನಾನು ತಿನ್ನಬಾರದ ರಾಗಿ ಹಿಟ್ಟು ಒಂದೇ ಒಂದು, ಅಕ್ಕ ನನಗೆಂದು ಬೀಸಿದ್ದು. ಒರೆಸುವ ಬಟ್ಟೆಯಲ್ಲಿ ಏನಿದೆ ಎಂದು ನೋಡಿ ಎಂದು ಪಾಠ ಹೇಳುವವನು ನಾನು, ಐವತ್ತು ವರ್ಷ ಆ ಬಟ್ಟೆಯನ್ನೇ ತಿಂದಿದ್ದೆ.

ಐವತ್ತೇ? ಅಪ್ಪ ಮಾಡುತ್ತಿದ್ದ ಎಂದಳಲ್ಲ. ನನಗೂ ನೆನಪಾಯಿತು, ಅಪ್ಪ ಮರದ ಪಾವನ್ನು ನನ್ನ ಕೈಗೆ ಕೊಟ್ಟು, "ಕಲ್ಲಿಗೆ ಕೊಡ್ಲಾ" ಎಂದು ನನ್ನನ್ನು ಸೊಂಟ ಹಿಡಿದು ಎತ್ತಿದ್ದು. ನಾನೇ ಸುರಿದದ್ದು. ಕಟಕಟ. ಆದರೆ ಅಕ್ಕನ ಕೈಯಲ್ಲಿದ್ದ ಪಾವು ತಗಡಿನದು, ಯಾವಾಗಲೂ ತಗಡಿನದೇ ಇತ್ತು, ಮರದ್ದು ಇರಲೇ ಇಲ್ಲ ಎನ್ನುತ್ತಾಳೆ ಅವಳು. ಹಾಗಾದರೆ ನನ್ನನ್ನು ಎತ್ತಿದ ಕೈಗಳು? ಅವೂ ಆ ಟಣ್ ಎಂಬ ಚಮಚದ ಜಾತಿಯವೇ ಇರಬಹುದು, ಕಂಬಕ್ಕೆ ಒರಗಿ ನಿಂತ ಆ ಕ್ಷಣದಲ್ಲಿ ನಾನೇ ಮಾಡಿಕೊಂಡವು. ಡಾಕ್ಟರಮ್ಮನ ಮುಂದೆ "ರಾಗಿ ತಿಂದು ಬೆಳೆದ ಮೈ" ಎಂದು ಎದೆ ತಟ್ಟಿದ್ದೆನಲ್ಲ, ಆ ಮೈ ಯಾವುದು? ಅಮ್ಮ ಬೇವಿನೆಲೆ ಅರೆದು ಹಚ್ಚುತ್ತಿದ್ದಾಗ ನನ್ನ ಮೊಣಕೈಯಲ್ಲಿದ್ದದ್ದು ಬೇಸಿಗೆಯ ಬೊಬ್ಬೆಯೋ, ಇದೋ? ಅಮ್ಮ ಒಬ್ಬಳೇ ನೋಡಿದ್ದು. ನಾನು ನೋಡಿರಲಿಲ್ಲ.

ಅಕ್ಕನಿಗೆ ಹೇಳಿದೆ. ಮೆಲ್ಲಗೆ ಹೇಳಬೇಕೆಂದಿದ್ದೆ, ಆದರೆ ಮಿಷನ್ ಸದ್ದಿನಲ್ಲಿ ಮೆಲ್ಲಗೆ ಹೇಳಲಾಗುವುದಿಲ್ಲ. ಹಾಗಾಗಿ ಕೂಗಿ ಹೇಳಿದೆ. ಸಾಲಿನಲ್ಲಿದ್ದ ಐದು ಜನರಿಗೂ ಕೇಳಿಸಿತು. ಗೋಧಿಯ ಒಂದು ಚಿಟಿಕೆ ಪುಡಿ ಸಾಕು ಅಕ್ಕಾ, ಆ ಹಿಟ್ಟಿನಿಂದಲೇ ಇದು ಎಂದು ಕೈ ತಿರುಗಿಸಿ ತೋರಿಸಿದೆ.

ಅಕ್ಕ ಸ್ವಿಚ್ ಆರಿಸಿದಳು. ಬೆಲ್ಟು ನಿಲ್ಲಲು ಸ್ವಲ್ಪ ಹೊತ್ತು ಬೇಕು. ನಿಂತ ಮೇಲೆ ಹತ್ತಿರ ಬಂದು ನನ್ನ ಮೊಣಕೈ ನೋಡಿದಳು. ಮುಟ್ಟಲು ಕೈ ಚಾಚಿದವಳು ತನ್ನ ಕೈ ನೋಡಿಕೊಂಡು ಹಿಂದಕ್ಕೆ ಎಳೆದುಕೊಂಡಳು.

"ಇಷ್ಟ್ ದಿನ ನಾನೇ ಇಕ್ತಿದ್ನಾ?"

"ಕುದ್ರೆ ಮೇವು ಪಾಪ, ಅದರ ಮೇಲೆ ಸುಮ್ನೆ ಅಪವಾದ ಹಾಕಿದ್ದೆ," ಎಂದೆ ನಗಿಸಲು.

"ನಗಬ್ಯಾಡ ಕಣ್ಲಾ." ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು, "ಚಿಕ್ಕೋನಿದ್ದಾಗ್ಲೂ?"

"ಗೊತ್ತಿಲ್ಲ ಅಕ್ಕಾ."

"ಗೊತ್ತಿಲ್ಲ ಅಂದ್ರೆ ಹೌದು ಅಂತ." ಮೊರದಲ್ಲಿದ್ದ ನನ್ನ ರಾಗಿಯನ್ನು ಹಾಗೇ ಚೀಲಕ್ಕೆ ಸುರಿದಳು. "ಇವತ್ ಮುದ್ದೆ ಬ್ಯಾಡ. ಹೋಗು ನೀನು."

ಸಾಲಿನಲ್ಲಿದ್ದ ಒಬ್ಬ ಮುದುಕಿ, "ಬೀಸೋರ ಮನೇಲಿ ಹುಟ್ಟಿ ಹಿಟ್ಟು ಆಗ್ದಿದ್ರೆ ಏನ್ ಗತಿಯಪ್ಪಾ ನಿಂದು," ಎಂದಳು.

ಅದಾದ ಮೇಲಿನ ಭಾನುವಾರ ಅಕ್ಕ ಕರೆಯಲಿಲ್ಲ. ಅದರ ಮುಂದಿನ ಭಾನುವಾರವೂ. ಮಂಜುಳನ ಹತ್ತಿರ ಫೋನಿನಲ್ಲಿ ಮಾತಾಡುತ್ತಿದ್ದಳು, ಮೊಣಕೈ ಹೇಗಿದೆ ಎಂದು ಕೇಳುತ್ತಿದ್ದಳು, ನನಗೆ ಕೊಡು ಎನ್ನುತ್ತಿರಲಿಲ್ಲ. ನಾನು ಕೇಳಿ ಇಸಿದುಕೊಂಡರೆ "ಚೀಲ ಇಟ್ಕೊಂಡ್ ನಿಂತವ್ರೆ" ಎಂದು ಇಟ್ಟುಬಿಡುತ್ತಿದ್ದಳು. ಸಿಟ್ಟಲ್ಲ ಅದು. ಹೆದರಿಕೆ. ನನ್ನನ್ನು ಕಂಡರೆ ಅವಳಿಗೆ ತನ್ನ ಕೈಯ ಹೆದರಿಕೆ.

ಮಂಜುಳ ಇಡೀ ರಾಗಿ ತಂದು, ಕಾಳು ಕಾಳಾಗಿ ಆರಿಸಿ, ತೊಳೆದು ಒಣಗಿಸಿ, ಹೊಸ ಮಿಕ್ಸಿ ಜಾರಿನಲ್ಲಿ ಪುಡಿಮಾಡತೊಡಗಿದಳು. ಅದರಿಂದ ಮುದ್ದೆ ನುಣ್ಣಗೆ ಬರುವುದಿಲ್ಲ. ಗಂಟಲಲ್ಲಿ ತಾನು ಇಳಿಯುವ ದಾರಿಯನ್ನು ಹೇಳಿಕೊಂಡೇ ಇಳಿಯುತ್ತದೆ. ಆದರೆ ಗುಳ್ಳೆಗಳು ಒಣಗಿದವು. ಮೊದಲು ಮೊಣಕಾಲು, ಆಮೇಲೆ ಮೊಣಕೈ. ಮಾತ್ರೆ ಅರ್ಧವಿದ್ದದ್ದು ಕಾಲಾಯಿತು. ಏಳೆಂಟು ತಿಂಗಳು ಕಳೆದವು. ಡಾಕ್ಟರಮ್ಮ ನನ್ನ ಎರಡೂ ಮೊಣಕೈಗಳನ್ನು ದೀಪದ ಕೆಳಗೆ ತಿರುಗಿಸಿ ನೋಡಿ, "ಈಗ ಬೇಕಾದ್ರೆ ಓಟ್ಸ್ ನೋಡಿ ಸಾರ್. ಎರಡು ಚಮಚದಿಂದ. ಈ ಸಲ ಅದೊಂದೇ," ಎಂದರು. ಅದೊಂದೇ ಎನ್ನುವಾಗ ಬೆರಳೊಂದನ್ನು ಎತ್ತಿ ತೋರಿಸಿದರು, ಹೊಸದಾಗಿ ಸೇರಿದವರಿಗೆ ನಾನು ತೋರಿಸುವ ಹಾಗೆ.

ಸುದ್ದಿ ಮಂಜುಳನ ಫೋನಿನಿಂದ ಬೇರಿಕೆಗೆ ಹೋಗಿರಬೇಕು. ಮಾರನೆಯ ದಿನ ಅಕ್ಕ ನನಗೇ ಫೋನ್ ಮಾಡಿದಳು.

"ಭಾನ್ವಾರ ಬತ್ತೀಯಾ?"

"ಬತ್ತೀನಿ."

"ಆ ಕುದ್ರೆ ಮೇವು ತಕ್ಕೊಂಡ್ ಬಾ. ನಾನ್ ಮಾಡಿಕ್ತೀನಿ. ಪಾತ್ರೆ ಹೊಸ್ದು ತಂದಿದ್ದೀನಿ, ಸೌಟು ಹೊಸ್ದು. ಮಂಜುಳ ಇಂಗು ಬ್ಯಾಡ ಅಂದ್ಲು, ಅದೇನ್ ನಾನ್ ಗಂಜಿಗೆ ಇಂಗು ಹಾಕ್ತೀನಾ?"

ಭಾನುವಾರ ಸಂತೆ ಬೀದಿಗೆ ತಿರುಗಿದಾಗ ಏನೋ ಸರಿಯಿಲ್ಲ ಅನ್ನಿಸಿತು. ಎರಡು ಹೆಜ್ಜೆ ಇಟ್ಟ ಮೇಲೆ ತಿಳಿಯಿತು, ಸದ್ದಿಲ್ಲ. ಮಿಷನ್ನಿನ ಬಾಗಿಲು ಹಾಕಿತ್ತು. ಭಾನುವಾರ ಬೆಳಿಗ್ಗೆ ಅದು ಹಾಕಿದ್ದನ್ನು ನಾನು ಕಂಡೇ ಇಲ್ಲ. ಬೇಗಬೇಗ ಮನೆಯೊಳಗೆ ಹೋದೆ.

ಅಡುಗೆಮನೆಯ ನೆಲ ತೊಳೆದು ಇನ್ನೂ ಒದ್ದೆಯಿತ್ತು. ಡಬ್ಬಿಗಳನ್ನೆಲ್ಲ ಹೊರಗಿಟ್ಟಿದ್ದಳು. ಒಲೆಯ ಮೇಲೆ ಒಂದೇ ಒಂದು ಪಾತ್ರೆ, ಅದರ ಅಂಚಿನಲ್ಲಿ ಅಂಗಡಿಯವರ ಚೀಟಿ ಕಿತ್ತ ಅಂಟಿನ ಗುರುತು. ಅಕ್ಕ ನನಗೆ ಬೆನ್ನು ಮಾಡಿ ನಿಂತಿದ್ದಳು. ಒಗೆದ ಸೀರೆ. ತಲೆಗೆ ನೀರು ಹಾಕಿಕೊಂಡು ಕೂದಲನ್ನು ಬೆನ್ನಿನ ಮೇಲೆ ಬಿಟ್ಟಿದ್ದಳು, ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ತಾ ಇಲ್ಲಿ," ಎಂದು ತಿರುಗದೆ ಕೈ ಚಾಚಿದಳು. ಓಟ್ಸ್ ಡಬ್ಬಿ ಕೊಟ್ಟೆ. "ಎರಡೇ ಚಮ್ಚನಾ? ಹಕ್ಕಿಗೆ ಇಕ್ದಂಗೆ?" ಎರಡು ಚಮಚ ಅಳೆದು ಹಾಕಿದಳು, ತಲೆ ಸವರಿ. ನೀರು, ಉಪ್ಪು. ಕಲಸುತ್ತಾ ನಿಂತಳು.

ನಾನು ಅವಳ ಹಿಂದೆ ನಿಂತಿದ್ದೆ. ಈ ಎಂಟು ತಿಂಗಳಲ್ಲಿ ನನ್ನ ಕಣ್ಣು ಕೆಟ್ಟುಹೋಗಿದೆ. ಎಲ್ಲಿ ಹೋದರೂ ಬಿಳಿಯ ಪುಡಿ ಹುಡುಕುತ್ತದೆ, ಮೇಜಿನ ಬಿರುಕಿನಲ್ಲಿ, ಯಾರದೋ ಉಗುರಿನ ಸಂದಿಯಲ್ಲಿ. ಅವಳ ಕೈ ನೋಡಿದೆ, ಶುದ್ಧ. ಸೆರಗು ನೋಡಿದೆ, ಶುದ್ಧ. ಆಮೇಲೆ ತಲೆ ನೋಡಿದೆ. ನೆತ್ತಿಯಿಂದ ಕಿವಿಯವರೆಗೆ, ಕಿವಿಯಿಂದ ಬೆನ್ನಿನ ಅರ್ಧದವರೆಗೆ, ಬೆಳ್ಳಗೆ. ಪಾತ್ರೆಯ ಮೇಲೆಯೇ ಬಾಗಿತ್ತು ಆ ತಲೆ. ಆ ಕ್ಷಣ ನನಗೆ ನನ್ನ ಮೊಣಕೈ ಬಿಟ್ಟು ಬೇರೇನೂ ನೆನಪಾಗಲಿಲ್ಲ.

"ಅಕ್ಕಾ, ಹಿಂದಕ್ಕೆ ಬಾ!" ಎಂದೆ. ಗಟ್ಟಿಯಾಗಿಯೇ ಎಂದೆ. "ತಲೇಲಿ ಹಿಟ್ಟು ಹಂಗೇ ಐತೆ. ಹೋಗೇ ಇಲ್ಲ."

ಅಕ್ಕ ಸೌಟು ನಿಲ್ಲಿಸಿದಳು. ಒದ್ದೆ ಕೂದಲನ್ನು ಮುಂದಕ್ಕೆ ಎಳೆದುಕೊಂಡು, ಹಿಂಡಿ ನೋಡಿಕೊಂಡಳು. ತಿರುಗಿ ನನ್ನ ಮುಖವನ್ನೇ ನೋಡಿದಳು.

"ಅದು ಹಿಟ್ಟಲ್ಲ ಕಣ್ಲಾ," ಎಂದಳು.